ಎಣ್ಣೆಯ ಮೇಲೆ ನಿಂತ ಕಾರು

“ಗುರುಗಳೇ, ಸಂಜೆ ಧ್ಯಾನಕ್ಕೆ ಕೂತಾಗ ಮನಸ್ಸು ಮೇಲೇಳುತ್ತದೆ. ಬೆಳಗಾಗುವಷ್ಟರಲ್ಲಿ ಮತ್ತೆ ಕುಸಿದಿರುತ್ತದೆ. ಒಮ್ಮೆ ಎದ್ದರೆ ಇಳಿಯದಂಥ ಮನಸ್ಸು ನನಗೆ ಎಂದು ಸಿಕ್ಕೀತು?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೇಷ್ಮೆ ವ್ಯಾಪಾರಿಯಿದ್ದ. ಅವನ ಬಳಿ ವಿದೇಶದ ಹಳೆಯ ಐಷಾರಾಮಿ ಕಾರೊಂದಿತ್ತು. ಅದಕ್ಕೆ ಉಕ್ಕಿನ ಸ್ಪ್ರಿಂಗುಗಳಿರಲಿಲ್ಲ. ಎಣ್ಣೆಯ ಒತ್ತಡವೇ ಕಾರನ್ನು ಎತ್ತಿ ಹಿಡಿಯುತ್ತಿತ್ತು. ಎಂಜಿನ್ ಚಾಲೂ ಮಾಡಿದರೆ ಮೊದಲು ಹಿಂಭಾಗ, ಆಮೇಲೆ ಮುಂಭಾಗ ಮೇಲೇಳುತ್ತಿತ್ತು. ಎಂಥ ಹೊಂಡದ ರಸ್ತೆಯಲ್ಲೂ ಒಳಗೆ ಕೂತವರ ಕೈಯ ಕಾಫಿ ತುಳುಕುತ್ತಿರಲಿಲ್ಲ. ವ್ಯಾಪಾರಿಗೆ ಆ ಕಾರೆಂದರೆ ಪ್ರಾಣ.

ಒಂದೇ ಕೊರಗು. ನಿಲ್ಲಿಸಿಟ್ಟ ಕಾರು ಬೆಳಿಗ್ಗೆ ನೋಡಿದರೆ ನೆಲಕ್ಕಂಟಿ ಕೂತಿರುತ್ತಿತ್ತು. ಬೀದಿಯವರು ನಗುತ್ತಿದ್ದರು. ಬಾಷಾ ಎಂಬ ಮುದಿ ಮೆಕ್ಯಾನಿಕ್ ಅದನ್ನು ನೋಡಿಕೊಳ್ಳುತ್ತಿದ್ದ. ತಪ್ಪದೆ ಹಳೆಯ ಎಣ್ಣೆ ಬಸಿದು, ಫಿಲ್ಟರ್ ತೊಳೆದು, ಅದಕ್ಕೆಂದೇ ಇರುವ ಹಸಿರು ಎಣ್ಣೆ ತುಂಬುತ್ತಿದ್ದ. “ಇದು ಕಾಯಿಲೆಯಲ್ಲ ಸಾಹುಕಾರ್ರೇ, ಇದರ ಗುಣವೇ ಹೀಗೆ” ಎನ್ನುತ್ತಿದ್ದ. ವ್ಯಾಪಾರಿಗೆ ಸಮಾಧಾನವಾಗಲಿಲ್ಲ. ಉಕ್ಕಿನ ಸ್ಪ್ರಿಂಗ್ ಹಾಕಿಸಿಯೇ ಬಿಡುವುದೆಂದು ಒಂದು ದಿನ ಬಾಷಾನನ್ನೂ ಕೂರಿಸಿಕೊಂಡು ಪಟ್ಟಣಕ್ಕೆ ಹೊರಟ.

ದಾರಿಯಲ್ಲಿ ಹಳ್ಳ ಉಕ್ಕಿತ್ತು. ತಗ್ಗಿನ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಈಚೆ ದಡದಲ್ಲಿ ಒಂದು ಆಟೋ ನೀರು ಕುಡಿದು ಕೆಟ್ಟು ನಿಂತಿತ್ತು. ಅದರೊಳಗೆ ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸು. ಆಸ್ಪತ್ರೆಯಿದ್ದದ್ದು ಆಚೆ ದಡದಲ್ಲಿ. ಅವಳ ತಾಯಿ ಓಡಿಬಂದು ಕಾರಿನ ಬಾಗಿಲು ಬಡಿದಳು.

“ಅಣ್ಣಾ, ಹೇಗಾದರೂ ದಾಟಿಸಿ!”

ಹೆಂಗಸನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಬಾಷಾ ಕಾರಿನ ಎತ್ತರ ಏರಿಸುವ ಹಿಡಿಕೆಯನ್ನು ಕೊನೆಯ ಗೆರೆಯವರೆಗೂ ಎಳೆದ. ಹಿಂದಿನಿಂದ ನರಳಾಟ ಕೇಳುತ್ತಿತ್ತು. ವ್ಯಾಪಾರಿ ಅವಸರದಿಂದ ಗೇರಿಗೆ ಕೈ ಹಾಕಿದ. ಬಾಷಾ ಆ ಕೈಯನ್ನು ಹಿಡಿದುಬಿಟ್ಟ.

“ತಡೀರಿ. ಪೂರ್ತಿ ಏಳಲಿ.”

ಕಾರು ಎದ್ದಿತು. ಇನ್ನೂ ಎದ್ದಿತು. ವ್ಯಾಪಾರಿ ಅದನ್ನು ಅಷ್ಟು ಎತ್ತರದಲ್ಲಿ ಎಂದೂ ಕಂಡಿರಲಿಲ್ಲ. ದಡದಲ್ಲಿದ್ದವರು ಕೇಕೆ ಹಾಕಿದರು. ಬಾಷಾ ಕೈ ಬಿಟ್ಟ.

ಕಾರು ಆಮೆಯಂತೆ ನೀರಿಗಿಳಿಯಿತು. ನಡುವಿನಲ್ಲಿ ನೀರು ಬಾಗಿಲಿನ ಅಂಚು ಸವರಿತು. ಒಂದು ಚಕ್ರ ಜಾರಿತು, ಮತ್ತೆ ಹಿಡಿಯಿತು. ಒಳಗೆ ಒಂದು ಹನಿ ನೀರೂ ಬರಲಿಲ್ಲ. ಮುಂದಿನ ಚಕ್ರಗಳು ಆಚೆಯ ಒಣ ನೆಲ ಮುಟ್ಟಿದಾಗ ವ್ಯಾಪಾರಿ ಮಗುವಿನಂತೆ ಕೂಗಿಕೊಂಡ. “ದಾಟಿದೆವು, ಬಾಷಾ, ದಾಟಿದೆವು!”

ಆಸ್ಪತ್ರೆ ಸೇರಿ ಅರ್ಧ ಗಂಟೆಯಾಗಿರಲಿಲ್ಲ, ಒಳಗಿನಿಂದ ಕೂಸಿನ ಅಳು ಕೇಳಿತು. ಅಂಗಳದಲ್ಲಿ ನಿಂತಿದ್ದ ವ್ಯಾಪಾರಿ ನಗುತ್ತಾ ಕಣ್ಣೊರೆಸಿಕೊಂಡ. ಅವನ ಹಿಂದೆ ಕಾರು ಮೆಲ್ಲಗೆ ನೆಲಕ್ಕಿಳಿಯುತ್ತಿತ್ತು. ಯಾರೋ ಗಾಬರಿಯಿಂದ ತೋರಿಸಿದರು. ಅವನು ತಿರುಗಿಯೂ ನೋಡಲಿಲ್ಲ. ಸ್ಪ್ರಿಂಗಿನ ಅಂಗಡಿಗೂ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. “ಹಾಗಾದರೆ ಮನಸ್ಸು ಇಳಿಯುವುದು ದೋಷವಲ್ಲ, ಅಲ್ಲವೇ ಗುರುಗಳೇ?” ಎಂದ.

“ಇಳಿದದ್ದನ್ನೇ ಹೇಳುತ್ತೀಯಲ್ಲ, ಅದು ಎದ್ದಾಗ ನೀನು ಯಾರನ್ನು ದಾಟಿಸಿದೆ?” ಎಂದರು ಗುರುಗಳು.