ದೂರು ಕೊಟ್ಟವರು

ಊರಿಗೆ ಇದ್ದದ್ದು ಒಂದೇ ನೀರಿನ ತೊಟ್ಟಿ. ಅದರೊಳಗೆ ಕಾಲಿಟ್ಟು ನಿಲ್ಲುತ್ತಿದ್ದದ್ದು ಒಂದೇ ಗೂಳಿ. ಬಳಿ ಬಂದವರನ್ನು ಅದು ತಿವಿಯುತ್ತಿತ್ತು. ಎಲ್ಲರೂ ನೋಡಿದ್ದರು, ಕೇಳಿದರೆ ಯಾರೂ ನೋಡಿರಲಿಲ್ಲ.

ನೀರಿಲ್ಲದೆ ಕುರಿಯ ಕೆಚ್ಚಲು ಬತ್ತಿ, ಮರಿ ನಿತ್ರಾಣವಾಯಿತು. ಕುರಿ ಠಾಣೆಯ ನಾಯಿಗೆ ಗೂಳಿಯ ಮೇಲೆ ದೂರು ಕೊಟ್ಟಿತು.

"ನಾನು ಗದರಿದರೆ ಇವತ್ತು ಹೋಗುತ್ತಾನಮ್ಮ. ನಾಳೆಗೆ ನಿನ್ನ ಜೊತೆ ಯಾರಿದ್ದಾರೆ?" ಎಂದಿತು ನಾಯಿ.

ಕುರಿ ತೂರಾಡುವ ಮರಿಯನ್ನು ಪ್ರತಿ ಕೊಟ್ಟಿಗೆಗೂ ಕರೆದೊಯ್ದಿತು. "ಇದನ್ನಾದರೂ ನೋಡಿದಿರಾ?"

ಮರುದಿನ ನಾಯಿ ತೊಟ್ಟಿಯ ಬಳಿ ಬಂದಾಗ ಗೂಳಿ ಗುಟುರು ಹಾಕಿತು: "ದೂರು ಕೊಟ್ಟವನು ಯಾವನೋ?"

"ನಾನು," ಎಂದಿತು ಕುರಿ.

"ನಾನೂ ಕಣೋ," ಎಂದಿತು ಹಿಂದೆ ನಿಂತಿದ್ದ ಮುದಿ ಎಮ್ಮೆ. ಕತ್ತೆಯೂ ಹಾಗೆಯೇ ಅಂದಿತು. ಕೋಳಿಯೂ ಬಿಡಲಿಲ್ಲ.

ಮೊದಲು ಯಾರನ್ನು ತಿವಿಯಬೇಕೆಂದು ತಿಳಿಯದೆ ಗೂಳಿ ಕಾಲನ್ನು ಹೊರತೆಗೆಯಿತು. ಮರಿ ನೀರು ಕುಡಿಯಿತು.

"ನಾನು ನೋಡಿಲ್ಲ" ಎನ್ನುವ ನೆರೆಯವರು ನಿಮಗಿದ್ದರೆ, ದಯವಿಟ್ಟು ಇದನ್ನು ಅವರಿಗೆ ತಲುಪಿಸಿ.