ತಂಗಿಯ ರವಿಕೆಯ ಅಚ್ಚು

"ಗುರುಗಳೇ, ಹದಿಮೂರು ವರ್ಷದ ಮೇಲೆ ನನ್ನ ತಮ್ಮ ನನ್ನನ್ನು ನೋಡಲು ಬಂದಿದ್ದ. ಮೊದಲಿನಷ್ಟೇ ಪ್ರೀತಿಯಿಂದ ನೋಡಿಕೊಂಡೆ. ಚಿಕ್ಕವನಿದ್ದಾಗ ಆಸೆಪಟ್ಟು ತಿನ್ನುತ್ತಿದ್ದ ಹುರಿಗಡಲೆ ಉಂಡೆ ಮಾಡಿಸಿದೆ. ಎರಡು ದಿನವೂ ನಮ್ಮ ಬಾಲ್ಯದ ಮಾತನ್ನೇ ಆಡಿದೆ. ಆದರೂ ಅವನು ಮುಖ ಸಪ್ಪಗೆ ಮಾಡಿಕೊಂಡು ಹೊರಟುಬಿಟ್ಟ. ನನ್ನ ಪ್ರೀತಿಯಲ್ಲಿ ಏನು ಕಡಿಮೆಯಾಗಿತ್ತು?" ಎಂದು ಶಿಷ್ಯ ಕೇಳಿದ.

"ಕಡಿಮೆಯಾಗಿತ್ತು ಎಂದು ಯಾರಯ್ಯ ಹೇಳಿದರು? ಕೇಳು" ಎಂದು ಗುರುಗಳು ಕತೆ ಶುರುಮಾಡಿದರು.

ಒಂದೂರಿನಲ್ಲಿ ರವಿಕೆ ಹೊಲಿಯುವ ಒಬ್ಬ ಹೆಂಗಸಿದ್ದಳು. ತನ್ನವಳೆಂದು ಅವಳಿಗೆ ಇದ್ದದ್ದು ತಂಗಿ ಒಬ್ಬಳೇ. ತಾಯಿ ಇಲ್ಲದ ಆ ಹುಡುಗಿಯನ್ನು ಇವಳೇ ಸಾಕಿ ದೊಡ್ಡವಳನ್ನಾಗಿ ಮಾಡಿದ್ದಳು. ತಂಗಿ ಅಕ್ಕನಿಗೆ ಒಪ್ಪಿಗೆಯಿಲ್ಲದವನನ್ನು ಮದುವೆಯಾಗಿ ಹೋದಳು. ಅಕ್ಕ ಮಾತು ಬಿಟ್ಟಳು. ಬಿಟ್ಟಳು ಸರಿ, ಮನೆಯಲ್ಲಿ ಮಾತಾಡಲು ಬೇರೆ ಯಾರಿದ್ದರು? ತಂಗಿಗೆ ಹದಿನಾರು ವರ್ಷವಿದ್ದಾಗ ಮೈ ಅಳೆದು ಕತ್ತರಿಸಿದ್ದ ರವಿಕೆಯ ಕಾಗದದ ಅಚ್ಚು ಒಂದು ಉಳಿದಿತ್ತು. ಒಂಟಿತನ ತಡೆಯಲಾಗದೆ ಹೋದಾಗಲೆಲ್ಲ ಅದನ್ನು ಹರಡಿಕೊಂಡು ಕೂರುತ್ತಿದ್ದಳು.

ಹನ್ನೆರಡು ವರ್ಷ ಕಳೆದ ಮೇಲೆ ತಂಗಿ ತಾನಾಗಿಯೇ ಬಂದಳು. ಹೆತ್ತು ಹೊತ್ತು ಮೈ ತುಂಬಿಕೊಂಡಿದ್ದಳು. ಅಕ್ಕನಿಗೆ ಹಿಗ್ಗೋ ಹಿಗ್ಗು. ಒಂದು ರವಿಕೆ ಹೊಲಿದುಕೊಡಬೇಕು, ಮುನಿಸು ಮುಗಿಯಿತೆಂದು ಅವಳಿಗೆ ತಿಳಿಯಬೇಕು, ಅವಳು ಮತ್ತೆ ಮತ್ತೆ ಬರುವಂತಾಗಬೇಕು. ಇಷ್ಟೇ ಅವಳ ಆಸೆ.

"ಅಳತೆ ತಗೋ ಅಕ್ಕ, ನಾನು ಮೊದಲಿನ ಹಾಗಿಲ್ಲ" ಎಂದಳು ತಂಗಿ.

"ಸುಮ್ಮನಿರೇ, ನಿನ್ನ ಅಳತೆಯನ್ನು ನನಗೇ ಹೇಳಿಕೊಡುತ್ತೀಯಾ?" ಎಂದಳು ಅಕ್ಕ.

ಮೈ ಬೆಳೆದವರಿಗೆ ಹಳೆಯ ಅಚ್ಚು ಬಳಸುವುದಾದರೆ ಅದನ್ನು ನಡುವೆ ಸೀಳಬೇಕು, ಬೇಕಾದಷ್ಟು ಅಗಲಿಸಿ ಸಂದಿಗೆ ಕಾಗದದ ಪಟ್ಟಿ ಅಂಟಿಸಬೇಕು. ಊರ ಹೆಂಗಸರ ಅಚ್ಚುಗಳನ್ನೆಲ್ಲ ಅವಳು ಹಾಗೆ ಸೀಳಿದವಳೇ. ಇದೊಂದಕ್ಕೆ ಕತ್ತರಿ ಹಾಕಲು ಕೈ ಬರಲಿಲ್ಲ. ಅಚ್ಚನ್ನು ಇದ್ದ ಹಾಗೆಯೇ ಬಟ್ಟೆಯ ಮೇಲಿಟ್ಟು, ಸುತ್ತಲೂ ಒಂದು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸಿ ಹೊಲಿದಳು.

ತಂಗಿ ತೊಟ್ಟು ನೋಡಿದಳು. ರವಿಕೆಯ ಕೊರಳು ಬಿಗಿಯಾಯಿತು. ತೋಳು ಭುಜದಿಂದ ಕೆಳಗಿಳಿಯಿತು. ಎದೆಯ ಹುಕ್ಕುಗಳು ಕೂಡಲಿಲ್ಲ. ಅವಳು ಸೆರಗನ್ನು ಎರಡೂ ಹೆಗಲಿಗೆ ಹೊದ್ದುಕೊಂಡು, "ಚೆನ್ನಾಗಿದೆ ಅಕ್ಕ" ಎಂದು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು.

ಅಕ್ಕ ಒಳಗೆ ಬಂದಳು. ಮನೆ ಬಿಕೋ ಎನ್ನುತ್ತಿತ್ತು. ಕೂತು ಅತ್ತಳು. ಆಮೇಲೆ ಕತ್ತರಿ ತೆಗೆದುಕೊಂಡು ಅಚ್ಚನ್ನು ನಡುವೆ ಸೀಳಿದಳು. ಎರಡು ಹೋಳುಗಳನ್ನು ದೂರ ಸರಿಸಿದಳು, ಹತ್ತಿರ ತಂದಳು, ಮತ್ತೆ ದೂರ ಸರಿಸಿದಳು. ಎಷ್ಟು ಅಗಲಿಸಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಅಳೆಯೋಣವೆಂದರೆ ತಂಗಿ ಅಲ್ಲಿರಲಿಲ್ಲ.

"ಪಾಪ, ಒಂದು ಸಲ ಅಳತೆ ತೆಗೆದುಕೊಂಡಿದ್ದರೆ ಆಗಿಹೋಗುತ್ತಿತ್ತು" ಎಂದ ಶಿಷ್ಯ.

"ನಿನ್ನ ತಮ್ಮನಿಗೆ ಈಗ ಮಕ್ಕಳೆಷ್ಟು?" ಎಂದು ಗುರುಗಳು ಕೇಳಿದರು.

ಎರಡು ದಿನವೂ ಬಾಲ್ಯದ ಮಾತಾಡಿದ್ದ ಶಿಷ್ಯ ಅದೊಂದನ್ನು ಕೇಳಿಯೇ ಇರಲಿಲ್ಲ.