ಏಡಿ ಅಡ್ಡಡ್ಡ ನಡೆಯಲು ಒಪ್ಪಿಕೊಂಡದ್ದು

ಸಮುದ್ರಕ್ಕೆ ಸುರಿದ ಉಪ್ಪು ಇನ್ನೂ ಪೂರ್ತಿ ಕರಗಿರದ ಕಾಲ. ಹೊಸ ಮರಳಿನ ಮೇಲೆ ಚಿಪ್ಪಕ್ಕ ಎಂಬ ಏಡಿ ಕೂತಿದ್ದಳು. ಕೂತಿದ್ದಳು ಎನ್ನುವುದಕ್ಕಿಂತ, ಅವಳ ಕಾಲುಗಳೇ ಹೊರಡಲು ಬಿಟ್ಟಿರಲಿಲ್ಲ ಎನ್ನಬೇಕು.

ಅವಳ ಎಡಕ್ಕೆ ನೀರು, ಬಲಕ್ಕೆ ಬಿಲ. ಎಡಗಾಲುಗಳೆಲ್ಲ “ನೀರಿಗೆ!” ಎಂದು ಎಳೆಯುತ್ತಿದ್ದವು. ಬಲಗಾಲುಗಳೆಲ್ಲ “ಬಿಲಕ್ಕೆ!” ಎಂದು ಎಳೆಯುತ್ತಿದ್ದವು. ಚಿಪ್ಪಕ್ಕ ಇದ್ದಲ್ಲೇ ಇದ್ದಳು. ಇದನ್ನು ಎರಡೂ ಕಡೆಯವರು ತಮ್ಮ ಗೆಲುವು ಎಂದು ಕರೆಯುತ್ತಿದ್ದರು.

ನಡುವೆ ಹೊಟ್ಟೆ ಅಡ್ಡವಿದ್ದುದರಿಂದ ಈ ಕಡೆಯವರು ಆ ಕಡೆಯವರ ಮುಖವನ್ನೇ ನೋಡಿರಲಿಲ್ಲ. ಸುದ್ದಿ ಸಾಗಿಸುವ ಕೆಲಸ ಮುಂದಿನ ಎರಡು ದೊಡ್ಡ ಕೈಗಳದು. ಬಲಗಾಲುಗಳು “ಬಿಸಿಲು ಸುಡ್ತದೆ” ಎಂದರೆ, ಕೈ ಆಚೆ ಹೋಗಿ “ನಿಮ್ಮನ್ನು ಸುಡ್ತಾರಂತೆ” ಎನ್ನುತ್ತಿತ್ತು. ಕೈಗಳಿಗೆ ಕೇಳುಗರ ಕೊರತೆ ಇರಲಿಲ್ಲ.

ಚಿಪ್ಪಕ್ಕನಿಗೆ ಉಸಿರಾಡಲು ನೀರಿನ ಪಸೆ ಬೇಕು. ಅದು ಆರುತ್ತಾ ಬಂತು. ಮೇಲೆ ಹದ್ದು ಸುತ್ತತೊಡಗಿತು.

“ಅಯ್ಯೋ, ಹದ್ದು ಬಂತ್ರೋ!” ಎಂದು ಚಿಪ್ಪಕ್ಕ ಕೂಗಿದಳು.

“ಅದು ಅವರ ಹದ್ದು,” ಎಂದವು ಎಡಗಾಲುಗಳು.

“ಕರೆಸಿದ್ದೇ ಅವರು,” ಎಂದವು ಬಲಗಾಲುಗಳು.

ಚಿಪ್ಪಕ್ಕನಿಗೆ ರೇಗಿತು. ಎರಡೂ ಕೈಗಳನ್ನು ಮಡಚಿ ಸುಮ್ಮನಾಗಿಸಿದಳು. ಹೊಟ್ಟೆಯನ್ನು ಮೇಲಕ್ಕೆತ್ತಿದಳು. ಅಡಿಯಲ್ಲಿ ಎರಡೂ ಕಡೆಯ ಕಾಲುಗಳು ಮೊದಲ ಸಲ ಒಂದನ್ನೊಂದು ನೋಡಿದವು. ಕೊಂಬು, ಕೋರೆಹಲ್ಲು ಏನೂ ಕಾಣಲಿಲ್ಲ. ಸ್ವಲ್ಪ ನಿರಾಸೆಯಾಯಿತು.

“ನಮ್ಮನ್ನು ಸುಡ್ತೀರಂತೆ?” ಹಿರಿಯ ಎಡಗಾಲು ಕೇಳಿತು.

“ನಾವಾ? ನಮ್ಮ ಪಾದವೇ ಸುಡ್ತಿದೆ ಮಾರಾಯ್ರೆ! ಅದಕ್ಕೇ ಬಿಲ ಅಂದದ್ದು. ನಿಮಗೆ ನೀರ್ಯಾಕೆ?”

“ಅಕ್ಕನ ಉಸಿರು ಒಣಗ್ತಿದೆ.”

“ಛೆ, ಅದನ್ನು ಯಾರೂ ಹೇಳಲೇ ಇಲ್ಲ!”

“ಸರಿ, ಹದ್ದಿನ ವಿಷಯ ಮೊದಲು. ಬಿಲಕ್ಕೆ ನೀವು ಎಳೀರಿ, ನಾವು ತಳ್ತೀವಿ. ಆಮೇಲೆ ನೀರಿಗೆ ನಾವು ಎಳೀತೀವಿ, ನೀವು ತಳ್ಳಬೇಕು.”

“ತಳ್ಳೋದಾ? ನಮ್ಮ ಮರ್ಯಾದೆ?” ಎಂದಿತು ಒಂದು ಬಲಗಾಲು.

“ಹದ್ದಿನ ಹೊಟ್ಟೆಯೊಳಗೆ ಮರ್ಯಾದೆ ಜಾಸ್ತಿ ಸಿಗ್ತದಾ?”

ಚಿಪ್ಪಕ್ಕ ಸರ್ರನೆ ಅಡ್ಡಡ್ಡ ಓಡಿ ಬಿಲ ಸೇರಿದಳು. ಹದ್ದಿನ ಉಗುರಿಗೆ ಮರಳು ಸಿಕ್ಕಿತು. “ಈಗಿನವರಿಗೆ ತತ್ವನಿಷ್ಠೆಯೇ ಇಲ್ಲ,” ಎಂದು ನೊಂದುಕೊಂಡು ಅದು ಹಾರಿಹೋಯಿತು.

ಬಲಗಾಲುಗಳು ಗೊಣಗಿದವು. ಗೊಣಗುತ್ತಲೇ ಚಿಪ್ಪಕ್ಕನನ್ನು ನೀರಿನವರೆಗೂ ತಳ್ಳಿದವು. ಅವಳು ಒಂದು ದೀರ್ಘ ಉಸಿರೆಳೆದಳು.

ಅಂದಿನಿಂದ ಇಂದಿನವರೆಗೂ, ನೀವು ಕಡಲ ದಂಡೆಗೆ ಹೋದರೆ, ಏಡಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಅಡ್ಡಡ್ಡವೇ ಓಡುವುದು ಕಾಣುತ್ತದೆ. ನೆಟ್ಟಗೆ ಮುಂದಕ್ಕೆ ಹೋಗಬೇಕೆಂದು ಯಾವ ಕಡೆಯವರೂ ಕೇಳಿರಲಿಲ್ಲವಲ್ಲ.